ಸಾವಿಲ್ಲದ ಮನೆಯ ನಕ್ಷತ್ರ

ರೈಟರಮ್ಮನ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿ, ಎರಡು ಉಗುರಿನ ಹಾಗೆ ಬೆಳೆದಿತ್ತು. ವಾಟೆ ಬಿದಿರಿನ ಕಡ್ಡಿಗೆ ಕತ್ತಿಯಲ್ಲಿ ಒಂದು ಗೀರು ಹಾಕಿ, ಆ ಗೀರಿನೊಳಗೆ ಹೆಬ್ಬೆರಳಿನ ಉಗುರು ತೂರಿಸಿ ಜಗ್ಗಿದರೆ ಕಡ್ಡಿ ತುದಿಯವರೆಗೂ ಒಂದೇ ಸಮ ಸೀಳಿಕೊಂಡು ಹೋಗುತ್ತಿತ್ತು. ಕ್ರಿಸ್‌ಮಸ್ ನಕ್ಷತ್ರಕ್ಕೆ ಅಂಥ ಕಡ್ಡಿ ಉದ್ದದ್ದು ಹತ್ತು, ಗಿಡ್ಡದ್ದು ಐದು ಬೇಕು. ಡಿಸೆಂಬರ್ ತಿಂಗಳಿಡೀ ಆ ಉಗುರಿನ ಸೀಳಿನಲ್ಲಿ ಮೈದಾ ಅಂಟು ಒಣಗಿ ಬೆಳ್ಳಗೆ ಕೂತಿರುತ್ತಿತ್ತು. ಅಂಟಿಗೆ ಅವರು ಚಿಟಿಕೆ ಮೈಲುತುತ್ತ ಸೇರಿಸುತ್ತಿದ್ದರು. ಕಾಫಿ ಗಿಡಕ್ಕೆ ಹೊಡೆಯಲೆಂದು ನಮ್ಮ ಗೋಡೌನಿನಲ್ಲಿ ಇಟ್ಟ ಮೈಲುತುತ್ತವೇ ಅದು. ಸೇರಿಸಿದರೆ ಜಿರಲೆ ಕಾಗದ ತಿನ್ನುವುದಿಲ್ಲವಂತೆ. "ನಿಮ್ಮ ಕಾಫಿಗೆ ಕೊಳೆ ಬರ್ಬಾರ್ದು, ನನ್ನ ನಕ್ಷತ್ರಕ್ಕೆ ಜಿರಲೆ ಬರ್ಬಾರ್ದು. ಎರಡಕ್ಕೂ ಒಂದೇ ಮದ್ದು ಸಣ್ಣಯ್ಯ," ಎಂದು ಕಾಗದದ ಪೊಟ್ಟಣ ಮುಂದೆ ಹಿಡಿಯುತ್ತಿದ್ದರು.

ಅವರು ನಮ್ಮ ಎಸ್ಟೇಟಿನ ರೈಟರ ಹೆಂಡತಿ. ಆಳುಗಳ ಹಾಜರಿಯಿಂದ ಹಿಡಿದು ಔಷಧಿ ಹೊಡೆಸುವವರೆಗೆ ತೋಟದ ಎಲ್ಲ ಕೆಲಸವೂ ರೈಟರ ತಲೆಯ ಮೇಲಿತ್ತು. ಘಟ್ಟದ ಕೆಳಗಿನಿಂದ ಬಂದ, ಮನೆಯೊಳಗೆ ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು. ನನ್ನ ಅಪ್ಪನ ಕಾಲದಲ್ಲೇ ಬಂದು, ಕಾಫಿ ಒಣಗಿಸುವ ಕಣದ ಮೇಲಿನ ದಿಬ್ಬದಲ್ಲಿ ಕ್ವಾರ್ಟರ್ಸ್ ಹಿಡಿದವರು. ಮಕ್ಕಳಿರಲಿಲ್ಲ. ಅಪ್ಪ ಹೋದ ಮೇಲೆ ಊರಿಗೆಲ್ಲ ನಾನು ಸಾವ್ಕಾರನಾದರೂ ಆ ಗಂಡಹೆಂಡತಿಗೆ ಮಾತ್ರ ಸಣ್ಣಯ್ಯನಾಗಿಯೇ ಉಳಿದೆ. ಕೂದಲು ನೆರೆತ ಮೇಲೂ ಸಣ್ಣಯ್ಯ ಎಂದು ಕರೆಸಿಕೊಳ್ಳುವುದು ನನಗೆ ಇಷ್ಟವೇ ಆಗಿತ್ತು.

ರೈಟರಮ್ಮನ ಕ್ರಿಸ್‌ಮಸ್ಸಿಗೆ ಅಂಗಡಿಯಿಂದ ಬರುತ್ತಿದ್ದದ್ದು ಗಾಳಿಪಟದ ಕಾಗದ ಮಾತ್ರ. ಉಳಿದದ್ದೆಲ್ಲ ತೋಟದ್ದು. ತಿಂಗಳ ಮೊದಲ ವಾರದಲ್ಲಿ ತೆಂಗಿನ ಗೆರಟೆಗಳಲ್ಲಿ ರಾಗಿ ಬಿತ್ತುತ್ತಿದ್ದರು, ಹಬ್ಬದ ಹೊತ್ತಿಗೆ ಅದು ಎಳೆ ಹಸಿರು ಪೈರಾಗಿ ಗೋದಲಿಯ ಸುತ್ತ ನಿಲ್ಲಬೇಕು. ಗೋದಲಿ ಎಂದರೆ ಬಾಲಯೇಸು ಹುಟ್ಟಿದ ಕೊಟ್ಟಿಗೆ. ಅದಕ್ಕೆ ನೆಲಹಾಸು ನೆರಳು ಮರಗಳಿಂದ ಸುಲಿದು ತಂದ ಪಾಚಿ. ಹುಲ್ಲಿನ ಬದಲಿಗೆ ಪಾರ್ಚ್‌ಮೆಂಟ್ ಕಾಫಿಯ ಸಿಪ್ಪೆ. ಕುಯಿಲಿನಲ್ಲಿ ನೆಲಕ್ಕೆ ಉದುರಿದ ಕೆಂಪು ಹಣ್ಣುಗಳನ್ನು ಆರಿಸಿ, ದಾರಕ್ಕೆ ಪೋಣಿಸಿ ಬಾಗಿಲಿಗೆ ಮಾಲೆ. ಆ ಮಾಲೆ ನಾಲ್ಕನೇ ದಿನಕ್ಕೆ ಕಪ್ಪಾಗಿ ಹುಳಿ ವಾಸನೆ ಬರುತ್ತಿತ್ತು, ಐದನೇ ದಿನ ಹೊಸದು ಕಟ್ಟುತ್ತಿದ್ದರು. ಪೇಟೆಯಲ್ಲಿ ಪ್ಲಾಸ್ಟಿಕ್ ನಕ್ಷತ್ರ, ಮಿಣುಕು ದೀಪದ ಸರ ಬಂದು ಎಷ್ಟೋ ವರ್ಷವಾಗಿತ್ತು. ಒಮ್ಮೆ ನಾನು ಚಿಕ್ಕಮಗಳೂರಿನಿಂದ ಒಂದು ತಂದುಕೊಟ್ಟರೆ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, "ಚೆಂದ ಉಂಟು. ಆದ್ರೆ ಇದು ಅಂಗಡಿ ನಕ್ಷತ್ರ, ಮನೇದಲ್ಲ," ಎಂದು ಕೂಲಿ ಲೈನಿನ ಮಕ್ಕಳಿಗೆ ಕೊಟ್ಟುಬಿಟ್ಟರು. ನನಗೆ ಸ್ವಲ್ಪ ಸಿಟ್ಟು ಬಂದಿತ್ತು.

ಕ್ರಿಸ್‌ಮಸ್ ಮರದ್ದೇ ಒಂದು ಕತೆ. ಅರೇಬಿಕಾ ಕಾಫಿ ಗಿಡಕ್ಕೆ ಬೋರರ್ ಹುಳು ಬಿದ್ದರೆ ಆ ಗಿಡವನ್ನು ಬುಡಸಮೇತ ಕಿತ್ತು ಸುಡಬೇಕು. ಬಿಟ್ಟರೆ ಕಾಂಡದೊಳಗಿನ ಹುಳು ದುಂಬಿಯಾಗಿ ಹೊರಗೆ ಬಂದು ಅಕ್ಕಪಕ್ಕದ ಗಿಡಗಳನ್ನೂ ಮುಗಿಸುತ್ತದೆ. ಈ ವಿಷಯದಲ್ಲಿ ರೈಟರು ಯಮ. ಒಂದು ಕಡ್ಡಿ ಉಳಿದಿದ್ದರೂ ಆಳುಗಳ ಮೇಲೆ ಹಾರಾಡುತ್ತಿದ್ದರು. ಒಂದು ಡಿಸೆಂಬರಿನಲ್ಲಿ ನಾನು ಅವರ ಮನೆಗೆ ಹೋದರೆ, ಗೋದಲಿಯ ಪಕ್ಕದಲ್ಲಿ ಸುಣ್ಣ ಬಳಿದುಕೊಂಡು, ಮೈತುಂಬ ಬಣ್ಣದ ಕಾಗದದ ಹೂವು ತೊಟ್ಟು ಒಂದು ಬೋರರ್ ಗಿಡ ನಿಂತಿದೆ!

"ಏನ್ ರೈಟ್ರೆ, ಊರಿಗೆಲ್ಲ ಸುಡಿ ಸುಡಿ ಅಂತೀರಿ. ನಿಮ್ಮನೇಲಿ ಬೋರರ್ ಸಾಕಿದ್ದೀರಲ್ಲ!"

ರೈಟರು ತಲೆ ಕೆರೆದುಕೊಂಡು ಗೋಡೆ ನೋಡಿದರು. ರೈಟರಮ್ಮನೇ ಉತ್ತರ ಕೊಟ್ಟರು. "ಹಬ್ಬ ಮುಗಿದ ಮಾರನೇ ದಿನ ಸುಡ್ತೇವೆ ಸಣ್ಣಯ್ಯ. ಹ್ಯಾಗೂ ಸಾಯೋ ಗಿಡ ಅಲ್ವಾ, ಪಾಪ, ಹದಿನೈದು ದಿನ ದೇವರ ಎದುರು ನಿಂತಿರ್ಲಿ." ಹಾಗೆನ್ನುತ್ತಿದ್ದಂತೆಯೇ ಸುಣ್ಣ ಬಳಿದ ಕಾಂಡದ ತೂತಿನಿಂದ ಒಂದು ದುಂಬಿ ಹೊರಬಿದ್ದು, ಟಪ್ಪೆಂದು ಕೊಟ್ಟಿಗೆಯ ಮೇಲೆ ಉದುರಿ, ಮಣ್ಣಿನ ಕುರಿಗಳ ನಡುವೆ ನಡೆಯತೊಡಗಿತು. ರೈಟರು ಚಪ್ಪಲಿ ಹುಡುಕಿದರು. ದೇವರ ಎದುರು ಚಪ್ಪಲಿ ಎತ್ತುವಂತಿಲ್ಲ. ಕೊನೆಗೆ ಹಾಜರಿ ಪುಸ್ತಕ ತಂದು ಹೊಸಕಿದರು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಮನೆಯಲ್ಲಿ ನಾನು ಅಷ್ಟು ನಕ್ಕದ್ದು ಅದೇ ಕೊನೆ ಇರಬೇಕು.

ಇಪ್ಪತ್ತನಾಲ್ಕನೇ ತಾರೀಕು ಸಂಜೆ ಕತ್ತಲಾಗುವ ಹೊತ್ತಿಗೆ ನಕ್ಷತ್ರದೊಳಗಿನ ಬಲ್ಬು ಹತ್ತಿಸುತ್ತಿದ್ದರು. ಸ್ವಿಚ್ ಹಾಕುವುದು ಮನೆಯ ಗಂಡಸು. ರೈಟರು ಅಂಗಳದ ಒಲೆಯ ನೀರಿನಲ್ಲಿ ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು, ಶಿಲುಬೆಯ ಗುರುತು ಮಾಡಿ ಸ್ವಿಚ್ ಒತ್ತುತ್ತಿದ್ದರು. ನಮ್ಮ ಜಗಲಿಯಿಂದ ನೋಡಿದರೆ ದಿಬ್ಬದ ಮೇಲೆ ಕೆಂಪು ಹಸಿರು ನಕ್ಷತ್ರ ಕಾಣುತ್ತಿತ್ತು.

ಒಂದು ವರ್ಷ ಮಾತ್ರ ಅದು ಕಾಣಲಿಲ್ಲ. ಆ ವರ್ಷ ರೈಟರ ತಾಯಿ ಇದೇ ಕ್ವಾರ್ಟರ್ಸಿನಲ್ಲಿ ತೀರಿಕೊಂಡಿದ್ದರು. ವಿಚಾರಿಸಿದ್ದಕ್ಕೆ ರೈಟರಮ್ಮ ಹೇಳಿದರು, "ಸಾವಾದ ಮನೇಲಿ ಆ ವರ್ಷ ನಕ್ಷತ್ರ ಕಟ್ಟೋ ಕ್ರಮ ಇಲ್ಲ. ಗೋದಲಿ ಇಲ್ಲ, ತಿಂಡಿ ಮಾಡೋ ಹಾಗಿಲ್ಲ. ಬೇರೆ ಮನೆಯವರು ತಂದುಕೊಟ್ಟದ್ದು ತಿನ್ನೋದು." ನಮ್ಮಲ್ಲೂ ಹಾಗೆಯೇ, ಸಾವಾದ ವರ್ಷ ಹಬ್ಬವಿಲ್ಲ. ಅದರಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ. ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸಲು ಪಂಪಿನ ಮೋಟರನ್ನು ಹೊಳೆಯ ದಡಕ್ಕೆ ಇಳಿಸುತ್ತೇವೆ. ನಮ್ಮ ತೋಟದ ಕೆಳಗೆ ಹರಿಯುವುದು ಭದ್ರೆ. ಮಳೆಗಾಲ ಹಿಡಿಯುವ ಮೊದಲು ಆ ಮೋಟರನ್ನು ಬಿಚ್ಚಿ ಮೇಲೆ ತರಬೇಕು. ಈ ಸೀಮೆಯಲ್ಲಿ ತೋಟ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಆ ವರ್ಷ ರೈಟರು ಮೇ ತಿಂಗಳಲ್ಲೇ ಎರಡು ಸಲ ನೆನಪಿಸಿದ್ದರು. "ಮೋಟ್ರು ಮೇಲೆ ತರ್ಸೋಣ್ವಾ ಸಣ್ಣಯ್ಯ?" ನಾನು, ಆಯ್ತು, ಗೊಬ್ಬರ ಮುಗೀಲಿ ಎಂದೆ. ಗೊಬ್ಬರ ಮುಗಿದ ಮೇಲೆ, ನೆರಳು ಮರಗಳ ಕೊಂಬೆ ಕಡಿಯುವ ಮರಗಸಿ ಮುಗೀಲಿ ಎಂದೆ. ಆಮೇಲೆ ಮರೆತೆ. ಸೋಮಾರಿತನಕ್ಕೆ ನಾನು ಇಟ್ಟುಕೊಂಡಿದ್ದ ಹೆಸರು ಮರೆವು.

ಆಗಸ್ಟಿನಲ್ಲಿ ನಾಲ್ಕು ದಿನ ಮಳೆ ಬಿಡದೆ ಹೊಯ್ದ ಮೇಲೆ ಒಂದು ಬೆಳಿಗ್ಗೆ ಮೋಟರಿನ ನೆನಪಾಯಿತು. ಮೇಸ್ತ್ರಿ ಹೊಳೆ ನೋಡಿ ಬಂದು, "ಇವತ್ತು ಯಾರೂ ಕೆಳಗೆ ಇಳಿಯೋದ್ ಬೇಡ ಮಾರಾಯ್ರೆ. ಮೋಟ್ರು ಹೋದ್ರೆ ಹೋಗ್ಲಿ," ಎಂದ. ಆಳುಗಳೂ ಇಳಿಯಲು ಒಪ್ಪಲಿಲ್ಲ. ನನಗೆ ರೇಗಿತು. ಹಾಗಿದ್ದರೆ ನಾನೇ ಹೋಗುತ್ತೇನೆ ಎಂದು ಹೊರಟೆ. ನಾನು ಹೊರಟರೆ ರೈಟರು ಹಿಂದೆ ಬರದೆ ಇರುವವರಲ್ಲ ಎಂಬುದು ನನಗೆ ಗೊತ್ತಿತ್ತು.

ಇದ್ದದ್ದು ಒಂದೇ ಹಗ್ಗ. ಅದನ್ನು ಮೋಟರಿಗೆ ಕಟ್ಟಿದೆವು. ಇನ್ನೊಂದು ತುದಿ ಮೇಲೆ ನನ್ನ ಕೈಯಲ್ಲಿ. ರೈಟರು ಸ್ಪ್ಯಾನರ್ ಹಿಡಿದು ಕೆಳಗಿಳಿದು ಮೂರು ಬೋಲ್ಟ್ ಬಿಚ್ಚಿದರು. ನಾಲ್ಕನೆಯದಕ್ಕೆ ಕೈ ಹಾಕಿದಾಗ ದಡವೇ ಕುಸಿಯಿತು. ಮಣ್ಣು, ಮೋಟರು, ರೈಟರು ಒಟ್ಟಿಗೆ ಹೊಳೆಗೆ ಹೋದರು. ಹಗ್ಗ ನನ್ನ ಅಂಗೈ ಕೊಯ್ದು ಜಾರಿಹೋಯಿತು. ಕೆಂಪು ನೀರಿನಲ್ಲಿ ಒಂದೇ ಒಂದು ಸಲ ಅವರ ತಲೆ ಕಂಡಿತು. ಮೇಲಿನಿಂದ ತೇಲಿ ಬರುತ್ತಿದ್ದ ಮರದ ದಿಮ್ಮಿ ಅದರ ಮೇಲೆಯೇ ಹಾದುಹೋಯಿತು. ಮತ್ತೆ ತಲೆ ಏಳಲಿಲ್ಲ. ಇದನ್ನು ನಾನು ಸ್ಪಷ್ಟವಾಗಿ ನೋಡಿದೆ. ನೋಡಿದ್ದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ಮೇಲೆ ಬಂದರೆ ಕಣದ ಹತ್ತಿರ ರೈಟರಮ್ಮ ಕೊಡೆ ಹಿಡಿದು ನಿಂತಿದ್ದರು. ಕೈಯಲ್ಲಿ ಗಂಡನ ಒಣ ಟವಲ್.

"ಇವರೆಲ್ಲಿ?" ಎಂದರು.

ನನ್ನ ಬಾಯಿಗೆ ಬಂದದ್ದು ಇದು: "ದಡ ಜರೀತು. ನನ್ನ ಕೈಲಿದ್ದ ಹಗ್ಗ ಜಾರ್ತು. ಹೊಳೆಗೆ ಬಿದ್ರು. ಆದ್ರೆ ಆಚೆ ದಡದ ಕಡೆ ಈಜ್ತಾ ಇದ್ರು ರೈಟ್ರಮ್ಮ, ನಾನ್ ನೋಡ್ದೆ. ಆಚೆ ಹತ್ತಿರ್ತಾರೆ."

ಕನಿಕರದಿಂದ ಹೇಳಿದೆ ಎಂದು ಬರೆಯಬಹುದಿತ್ತು. ಸುಳ್ಳು. ಆ ಟವಲ್ ಹಿಡಿದ ಹೆಂಗಸಿನ ಎದುರು ನಿಲ್ಲುವ ಧೈರ್ಯ ಇರಲಿಲ್ಲ, ಅದಕ್ಕೆ ಹೇಳಿದೆ. ಆಚೆ ದಡದಲ್ಲಿ ಬರೀ ಕಾಡು. ಸೇತುವೆ ಮೂರು ದಿನ ನೀರಿನೊಳಗೆ ಮುಳುಗಿತ್ತು. ಆ ಮೂರು ದಿನ ಅವರು ನನ್ನ ಮಾತನ್ನು ಹಿಡಿದುಕೊಂಡು ಕೂತರು. ನೀರಿಳಿದ ಮೇಲೆ ವಾರಗಟ್ಟಲೆ ಹುಡುಕಿದರೂ ಹೆಣ ಸಿಗಲಿಲ್ಲ. ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸರ ಎದುರಿಗೂ ನಾನು ಅದನ್ನೇ ಹೇಳಿದೆ. ಒಮ್ಮೆ ಹೇಳಿದ್ದನ್ನು ಬದಲಿಸಿದರೆ ಏಕೆ ಬದಲಿಸಿದೆ ಎಂದು ಕೇಳುತ್ತಾರಲ್ಲ. ನನ್ನ ಹೆಂಡತಿಗೂ ನಿಜ ಹೇಳಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ "ಈಜುತ್ತಿದ್ದರು" ಎಂಬುದು ರೈಟರಮ್ಮನ ಬಾಯಲ್ಲಿ "ದಡ ಹತ್ತಿದರು" ಎಂದಾಯಿತು. ತಲೆಗೆ ಪೆಟ್ಟು ಬಿದ್ದು ನೆನಪು ಹೋಗಿರಬೇಕು, ಎಲ್ಲೋ ಇದ್ದಾರೆ ಎಂದು ಅವರೇ ತೀರ್ಮಾನಿಸಿದರು. ಒಂದು ದಿನ ಜೀಪು ತೆಗೆಸಿ ನನ್ನನ್ನು ಕಳಸಕ್ಕೆ, ಅಲ್ಲಿಂದ ಹೊರನಾಡಿಗೆ ಕರೆದುಕೊಂಡು ಹೋದರು. "ನೆನಪು ಹೋದ್ರೂ ಹೊಟ್ಟೆ ಹಸೀತದಲ್ಲ ಸಣ್ಣಯ್ಯ. ಅನ್ನ ಹಾಕೋ ಜಾಗಕ್ಕೆ ಬಂದೇ ಬರ್ತಾರೆ." ದೇವಸ್ಥಾನದ ಊಟದ ಸಾಲಿನ ಹೊರಗೆ, ಕುತ್ತಿಗೆಯ ಶಿಲುಬೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡನ ಫೋಟೋ ಹಿಡಿದು ನಿಂತರು. ಉಂಡು ಬಂದವರಿಗೆಲ್ಲ ತೋರಿಸಿದರು. ಸಾಲು ಎರಡಾದಾಗ ಇನ್ನೊಂದು ಫೋಟೋ ನನ್ನ ಕೈಗೆ ಕೊಟ್ಟರು. "ಇವರನ್ನ ಎಲ್ಲಾದ್ರೂ ನೋಡಿದ್ದೀರಾ?" ಎಂದು ನಾನೂ ಕೇಳಿದೆ. ನೂರಾರು ಜನರನ್ನು ಕೇಳಿದೆ. ಅಷ್ಟು ನೀಚನಾಗಿದ್ದೆ ನಾನು.

ನವೆಂಬರ್ ಬಂತು. ಆ ತಿಂಗಳ ಎರಡನೇ ದಿನ ಅವರಲ್ಲಿ ಸತ್ತವರ ದಿನ. ಸಮಾಧಿ ತೊಳೆದು, ಹೂ ಇಟ್ಟು, ಮೇಣದಬತ್ತಿ ಹಚ್ಚುತ್ತಾರೆ. ರೈಟರಮ್ಮ ಅತ್ತೆಯ ಸಮಾಧಿಗೆ ಬತ್ತಿ ಹಚ್ಚಿ ಬಂದರು. ಪಾದ್ರಿಯವರು, ಗಂಡನ ಆತ್ಮಕ್ಕೂ ಒಂದು ಪೂಜೆ ಇಡಿಸಮ್ಮ ಎಂದರಂತೆ. "ಬದುಕಿರೋರ ಹೆಸರಲ್ಲಿ ಸತ್ತೋರ ಪೂಜೆ ಇಡ್ಸೋದಾ ಫಾದರ್?" ಎಂದು ಎದ್ದು ಬಂದರಂತೆ. ಅದನ್ನು ನನಗೆ ಹೇಳುವಾಗಲೂ ಅವರ ಸಿಟ್ಟು ಇಳಿದಿರಲಿಲ್ಲ.

ಡಿಸೆಂಬರಿನಲ್ಲಿ ಚರ್ಚಿನ ನಾಲ್ಕು ಹೆಂಗಸರು ಜೀಪು ಮಾಡಿಕೊಂಡು ಬಂದರು. ನಾನು ಕಣದಲ್ಲಿದ್ದೆ, ಎಲ್ಲ ಕೇಳಿಸುತ್ತಿತ್ತು. "ಈ ವರ್ಷ ನೀವೇನೂ ಮಾಡ್ಲಿಕ್ಕೆ ಹೋಗ್ಬೇಡಿ ಬಾಯಮ್ಮ. ತಿಂಡಿ ನಾವು ತರ್ತೇವೆ," ಎಂದಳು ಒಬ್ಬಳು, ಮೆತ್ತಗೆ.

"ಯಾಕೆ? ನನ್ನ ಮನೇಲಿ ಯಾರು ಸತ್ತಿದ್ದಾರೆ?"

ಹೆಂಗಸರು ಜೀಪು ಹತ್ತಿ ಹೋದ ಮೇಲೆ ರೈಟರಮ್ಮ ಕತ್ತಿ ಹಿಡಿದು ಕೆಳಗೆ ಬಂದರು. "ಸಣ್ಣಯ್ಯ, ವಾಟೆ ಕಡಿಸಿ ಕೊಡಿ. ಈ ಸಲ ದೊಡ್ಡದು ಬೇಕು. ಆಚೆ ದಡಕ್ಕೆ ಕಾಣ್ಬೇಕು."

ವಾಟೆ ನಾನೇ ಕಡಿದೆ. ಏಣಿ ಹತ್ತಿ ಅವರ ಅಂಗಳದ ಸಿಲ್ವರ್ ಮರದ ಕೊಂಬೆಗೆ ನಾನೇ ಕಟ್ಟಿದೆ. ಇಪ್ಪತ್ತನಾಲ್ಕರ ಸಂಜೆ ಹೊರಡಲು ನೋಡಿದರೆ ತಡೆದರು. "ಸ್ವಿಚ್ ಹಾಕಿ ಹೋಗಿ. ಮನೆ ಗಂಡಸರು ಹಾಕ್ಬೇಕು. ಅವರು ಬರೋ ತನಕ ನೀವೇ ಹಾಕಿ." ನಾನು ಸ್ವಿಚ್ ಒತ್ತಿದೆ. ನಕ್ಷತ್ರ ಹತ್ತಿತು. ಅವರು ಕೈಮುಗಿದು ಹೊಳೆಯ ಕಡೆ ನೋಡುತ್ತ ನಿಂತರು.

ಹೀಗೆ ಆರು ವರ್ಷ. ಪ್ರತಿ ವರ್ಷವೂ ರಾಗಿ ಬಿತ್ತಿದರು, ಪಾಚಿ ತಂದರು, ಹಣ್ಣು ಪೋಣಿಸಿದರು. ಪ್ರತಿ ವರ್ಷವೂ ನಕ್ಷತ್ರ ಒಂದು ಗೇಣು ದೊಡ್ಡದಾಯಿತು. ಊರಿನವರು ಮೊದಲು ಪಾಪ ಎಂದರು, ಆಮೇಲೆ ತಲೆ ಕೆಟ್ಟಿದೆ ಎಂದರು, ಆಮೇಲೆ ಅಭ್ಯಾಸವಾಗಿ ಸುಮ್ಮನಾದರು. ಅವರ ಜಾತಿಯವರೇ ಕೆಲವರು, ಗಂಡ ಸತ್ತ ವರ್ಷವೇ ದೀಪ ಕಟ್ಟಿದವಳು ಎಂದು ಚರ್ಚಿನಲ್ಲಿ ಅವರ ಬೆಂಚು ಬಿಟ್ಟು ಕೂತರು. ಅದು ರೈಟರಮ್ಮನಿಗೆ ತಾಗಲಿಲ್ಲ. ತಾಗಬೇಕಾದದ್ದು ನನಗೆ. ನಾನು ಆರಾಮಾಗಿ ತೋಟ ಮಾಡಿಕೊಂಡು, ಹೊಸ ರೈಟರನ್ನು ಬೇರೆ ಮನೆಯಲ್ಲಿ ಇರಿಸಿ, ಇವರಿಗೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು, ದೊಡ್ಡ ಮನಸ್ಸಿನ ಸಾವ್ಕಾರ ಎನ್ನಿಸಿಕೊಂಡಿದ್ದೆ. ಹೇಳಿಬಿಡಬೇಕು ಎಂದು ಅನ್ನಿಸಿದ ದಿನಗಳಿಲ್ಲವೆಂದಲ್ಲ. ಈ ಹಬ್ಬ ಕಳೆಯಲಿ ಎಂದುಕೊಳ್ಳುತ್ತಿದ್ದೆ. ಮೋಟರಿನ ವಿಷಯದಲ್ಲಿ ಗೊಬ್ಬರ ಮುಗೀಲಿ ಎಂದವನು ನಾನು.

ಏಳನೆಯ ವರ್ಷ ರೈಟರಮ್ಮ ಊಟ ಬಿಟ್ಟರು. ಹೊಟ್ಟೆಯಲ್ಲಿ ಗಡ್ಡೆ. ಮಂಗಳೂರಿಗೆ ಕರೆದುಕೊಂಡು ಹೋದೆ. ತಡವಾಗಿದೆ, ಕೆಲವೇ ತಿಂಗಳು ಎಂದರು. ಅದನ್ನು ಡಾಕ್ಟರೇ ಅವರಿಗೆ ನೇರವಾಗಿ ಹೇಳಿದರು. ಘಟ್ಟ ಹತ್ತುವಾಗ ಜೀಪಿನಲ್ಲಿ ಅವರು ಆಡಿದ ಮಾತು ಒಂದೇ: "ಡಿಸೆಂಬರ್ ಸಿಗ್ತದಲ್ವಾ?"

ಡಿಸೆಂಬರ್ ಸಿಕ್ಕಿತು. ಸ್ಟೂಲ್ ಹತ್ತುವ ಶಕ್ತಿ ಇರಲಿಲ್ಲ. ಕುರ್ಚಿಯಲ್ಲಿ ಕೂತು, ಕಾಲಿನ ಮೇಲೆ ಹಳೆ ಶಾಲು ಹೊದ್ದು, ಹೇಳಿ ಹೇಳಿ ನನ್ನಿಂದ ಮಾಡಿಸಿದರು. "ಪಾಚಿ ಬೇರು ಕೆಳಗೆ ಬರ್ಬೇಕು. ಹಾಗಲ್ಲ. ಕುರಿ ಅಷ್ಟು ಹತ್ರ ಬೇಡ, ಮಗು ಉಸಿರಾಡ್ಬೇಕಲ್ಲ." ಇಪ್ಪತ್ತಮೂರನೇ ತಾರೀಕು ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಮುಗಿಯಿತು. ಏಳನೆಯ ನಕ್ಷತ್ರ ಸಿಲ್ವರ್ ಮರದಲ್ಲಿ ತೂಗುತ್ತಿತ್ತು. ಬಾಗಿಲಿಗೆ ಹಣ್ಣಿನ ಮಾಲೆ, ಮೂಲೆಯಲ್ಲಿ ಸುಣ್ಣ ಬಳಿದ ಬೋರರ್ ಗಿಡ. ಅವರು ಸುತ್ತ ಒಮ್ಮೆ ನೋಡಿ ತೃಪ್ತಿಯಿಂದ ಉಸಿರು ಬಿಟ್ಟರು. ಆಮೇಲೆ ನನ್ನನ್ನು ಗೋದಲಿಯ ಮುಂದೆ ನಿಲ್ಲಿಸಿದರು.

"ನಾನು ಹೋದ್ಮೇಲೂ ವರ್ಷ ವರ್ಷ ನೀವು ನಕ್ಷತ್ರ ಕಟ್ಟಬೇಕು ಸಣ್ಣಯ್ಯ. ಅಂಟು ಕಾಸೋದು ಹ್ಯಾಗೆ ಅಂತ ಬರೆದು ಇಡ್ತೇನೆ. ಅವರು ಬಂದಾಗ ನಾನೂ ಇಲ್ಲ, ನಕ್ಷತ್ರನೂ ಇಲ್ಲ ಅಂದ್ರೆ ಇದು ತನ್ನ ಮನೆ ಅಂತ ಹ್ಯಾಗೆ ಗೊತ್ತಾಗ್ಬೇಕು? ಬಾಲಯೇಸುವಿನ ಎದುರು ಮಾತು ಕೊಡಿ."

ಕೊಡಬಹುದಿತ್ತು. ಅಷ್ಟು ಸುಳ್ಳಿನ ಮೇಲೆ ಇನ್ನೊಂದು ಭಾರವೇ? ಕೈ ಮುಂದೆ ಚಾಚಿದ್ದೆ ಕೂಡ. ಅವರ ಕೈ ಸುಡುವಷ್ಟು ಬಿಸಿಯಾಗಿತ್ತು.

"ರೈಟ್ರು ಬರಲ್ಲ ರೈಟ್ರಮ್ಮ," ಎಂದೆ.

ಅವರು ನನ್ನ ಮುಖ ನೋಡಿದರು.

"ಆಚೆ ದಡಕ್ಕೆ ಈಜ್ಲಿಲ್ಲ ಅವರು. ಒಂದ್ಸಲ ತಲೆ ಕಾಣ್ತು. ಮೇಲಿಂದ ದಿಮ್ಮಿ ಬಂತು. ಆಮೇಲೆ ಏಳ್ಲಿಲ್ಲ. ನಾನ್ ನೋಡಿದೀನಿ. ಅವತ್ತೇ ನೋಡಿದೀನಿ."

ಅವರು ನನ್ನ ಕೈ ಬಿಡಲಿಲ್ಲ. ಆಮೇಲೆ ಕೇಳಿದರು.

"ಕೂಗಿದ್ರಾ?"

"ಇಲ್ಲ."

"ನಿಮ್ಮ ಕೈಲಿ ಹಗ್ಗ ಇತ್ತು ಅಂದಿದ್ರಿ. ಎಲ್ಲಿಗೆ ಕಟ್ಟಿತ್ತು?"

"ಮೋಟ್ರಿಗೆ."

ಆಗ ಕೈ ಬಿಟ್ಟರು. ಬೈಯುತ್ತಾರೆ, ಶಪಿಸುತ್ತಾರೆ, ಎದೆ ಬಡಿದುಕೊಂಡು ಅಳುತ್ತಾರೆ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವರಿಗೆ ನನ್ನ ಯೋಚನೆಯೇ ಇರಲಿಲ್ಲ. ಬೆರಳು ಮಡಚಿ ಏನೋ ಎಣಿಸಿಕೊಂಡರು.

"ಏಳು ನವೆಂಬರ್," ಎಂದರು. "ಏಳು ನವೆಂಬರ್ ಹೋಯ್ತು. ಒಂದು ಬತ್ತಿ ಹಚ್ಚಲಿಲ್ಲ ನಾನು. ಒಂದು ಪೂಜೆ ಇಡಿಸ್ಲಿಲ್ಲ. ಸತ್ತೋರಿಗೆ ತಮಗೋಸ್ಕರ ತಾವು ಪ್ರಾರ್ಥನೆ ಮಾಡ್ಲಿಕ್ಕೆ ಆಗೋದಿಲ್ಲ ಸಣ್ಣಯ್ಯ, ಮನೆಯವರೇ ಮಾಡ್ಬೇಕು. ಅವರು ಅಲ್ಲಿ ಕಾಯ್ತಾ ಇದ್ರು. ನಾನು ಇಲ್ಲಿ ದೀಪ ಹಾಕಿ ಹಬ್ಬ ಮಾಡ್ತಾ ಇದ್ದೆ."

ನಾನು ಮಾಡಿದ್ದು ಏನೆಂದು ನನಗೆ ಅರ್ಥವಾದದ್ದು ಆಗ. ಅಷ್ಟು ವರ್ಷ, ಅವರಿಂದ ದುಃಖವನ್ನು ಬಚ್ಚಿಟ್ಟಿದ್ದೇನೆ ಎಂದಷ್ಟೇ ತಿಳಿದಿದ್ದೆ. ಗಂಡನಿಗಾಗಿ ಅವರು ಮಾಡಬಹುದಾಗಿದ್ದ ಒಂದೇ ಒಂದು ಕೆಲಸವನ್ನು ಕಿತ್ತುಕೊಂಡಿದ್ದೆ. ಅವರ ನಂಬಿಕೆ ನನ್ನದಲ್ಲ. ಆದರೆ ಆ ಮುಖದ ಮೇಲೆ ಕಂಡದ್ದು ನನಗೆ ಸಾಕಾಗಿತ್ತು.

"ಏಣಿ ತನ್ನಿ," ಎಂದರು. "ಮೊದ್ಲು ನಕ್ಷತ್ರ ಇಳಿಸಿ. ಬಲ್ಬು ಬಿಚ್ಚಿಕೊಂಡು ಇಳಿಸಿ, ಒಡೀಬೇಡಿ."

ಕಟ್ಟಿಸಿದ ದನಿಯಲ್ಲೇ ಬಿಚ್ಚಿಸಿದರು. ಬಾಗಿಲ ಮಾಲೆ. ಕಾಗದದ ಹೂವು. ರಾಗಿ ಪೈರು ಕೋಳಿಗೆ. ಪಾಚಿ ಬುಟ್ಟಿಗೆ. ಕುರಿ, ಒಂಟೆ, ಕುರುಬರು, ಅಪ್ಪ, ಅಮ್ಮ, ಮಗು ಒಂದೊಂದನ್ನೂ ಹಳೆ ಪೇಪರಿನಲ್ಲಿ ಸುತ್ತಿ ಟ್ರಂಕಿಗೆ. "ಒಂಟೆ ಕುತ್ತಿಗೆ ಜೋಪಾನ, ಹಿಂದೆ ಒಂದ್ಸಲ ಅಂಟಿಸಿದ್ದು." ಬೋರರ್ ಗಿಡವನ್ನು ಅಂಗಳದಲ್ಲಿ ಆಗಲೇ ಸುಡಿಸಿದರು. ಐದು ಗಂಟೆಯ ಹೊತ್ತಿಗೆ ಆ ಕೋಣೆಯಲ್ಲಿ ಒಂದು ಕುರ್ಚಿ, ಒಂದು ಶಿಲುಬೆ ಬಿಟ್ಟರೆ ಏನೂ ಇರಲಿಲ್ಲ. ಗೋದಲಿ ಇದ್ದ ಜಾಗದಲ್ಲಿ ನೆಲ ಒದ್ದೆಯಾಗಿತ್ತು.

"ಈಗ ಸರಿಯಾಯ್ತು. ನೀವು ಹೋಗಿ," ಎಂದರು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಇನ್ನು ಬರ್ಬೇಡಿ," ಎಂದರು. ಸಿಟ್ಟಿಲ್ಲದೆ ಹೇಳಿದರು.

ಮಾರನೇ ದಿನ ಬೆಳಿಗ್ಗೆ ಚರ್ಚಿನ ಹೆಂಗಸರು ದಿಬ್ಬ ಹತ್ತುವುದು ನಮ್ಮ ಜಗಲಿಯಿಂದ ಕಂಡಿತು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆಗಳು. ಆರು ವರ್ಷ ತಡವಾಗಿ ಅವರು ಸಾವಿನ ಮನೆಗೆ ತಿಂಡಿ ತಂದಿದ್ದರು. ಸುದ್ದಿ ಗೊತ್ತಾಯ್ತು ಎಂದಷ್ಟೇ ರೈಟರಮ್ಮ ಅವರಿಗೆ ಹೇಳಿ ಕಳಿಸಿದ್ದರಂತೆ. ಯಾರು ಹೇಳಿದರು, ಏನು ಹೇಳಿದರು ಎಂದು ಯಾರಿಗೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಈ ಊರಲ್ಲಿ ನಾನು ತಲೆ ಎತ್ತಿ ಓಡಾಡುವಂತಿರಲಿಲ್ಲ. ಅದು ಅವರ ದೊಡ್ಡತನವೋ, ನನ್ನ ಹೆಸರು ಬಾಯಲ್ಲಿ ಬರುವುದೇ ಬೇಡ ಎಂಬ ಹೇಸಿಗೆಯೋ ನನಗೆ ಗೊತ್ತಿಲ್ಲ. ಇಪ್ಪತ್ತನಾಲ್ಕರ ಸಂಜೆ ದಿಬ್ಬದ ಮೇಲೆ ಕತ್ತಲಿತ್ತು.

ಹೊಸ ವರ್ಷ ಹುಟ್ಟಿದ ಮೇಲೆ ಅವರು ಪ್ರತಿ ಸೋಮವಾರ ಬೆಳಿಗ್ಗೆ ಕರಿ ಸೀರೆ ಉಟ್ಟು ಪೇಟೆಯ ಚರ್ಚಿಗೆ ಹೋಗತೊಡಗಿದರು. ಸೋಮವಾರ ಸತ್ತವರ ವಾರವಂತೆ. ಕಳೆದುಹೋದ ಒಂದೊಂದು ನವೆಂಬರಿಗೆ ಒಂದೊಂದು ಪೂಜೆ, ಒಟ್ಟು ಏಳು. ಬಾಡಿಗೆ ಜೀಪಿನವನು ಅವರನ್ನು ಎತ್ತಿಯೇ ಕೂರಿಸಬೇಕಾಗಿತ್ತು. ಅವನೇ ನನಗೆ ಇದನ್ನೆಲ್ಲ ಹೇಳುತ್ತಿದ್ದದ್ದು. "ದಾರೀಲಿ ಮೂರು ಕಡೆ ನಿಲ್ಲಿಸ್ಬೇಕು ಸಾರ್, ವಾಂತಿ. ಬೇಡ ಅಮ್ಮ ಅಂದ್ರೆ ಕೇಳಲ್ಲ." ಆ ಜೀಪು ಕಣ ದಾಟಿ ಹೋಗುವ ತನಕ ನಾನು ಗೋಡೌನಿನೊಳಗೆ ನಿಂತಿರುತ್ತಿದ್ದೆ.

ಐದು ಸೋಮವಾರ ಹೋದರು. ಆರನೆಯ ಸೋಮವಾರ ಜೀಪು ದಿಬ್ಬ ಹತ್ತಿ, ಖಾಲಿ ಇಳಿದು ಬಂದು ನಮ್ಮ ಅಂಗಳದಲ್ಲಿ ನಿಂತಿತು. "ಅಮ್ಮನಿಗೆ ಏಳ್ಲಿಕ್ಕೆ ಆಗ್ತಾ ಇಲ್ಲ. ಸಣ್ಣಯ್ಯನಿಗೆ ಇವತ್ತು ಸೋಮವಾರ ಅಂತ ಹೇಳು ಅಂದ್ರು," ಎಂದ ಡ್ರೈವರು.

"ಮತ್ತೇನಂದ್ರು?"

"ಅಷ್ಟೇ ಅಂದ್ರು."

ನಾನು ಕೈಕಾಲು ತೊಳೆದು, ಹಣೆಯ ವಿಭೂತಿ ಒರೆಸಬೇಕೋ ಬೇಡವೋ ತಿಳಿಯದೆ ಹಾಗೆಯೇ ಚರ್ಚಿಗೆ ಹೋದೆ. ಕೊನೆಯ ಬೆಂಚಿನಲ್ಲಿ ಕೂತೆ. ಎಲ್ಲರೂ ಏಳುವಾಗ ಏಳುವುದು, ಕೂರುವಾಗ ಕೂರುವುದು ನನಗೆ ಯಾವಾಗಲೂ ಒಂದು ಕ್ಷಣ ತಡವಾಗುತ್ತಿತ್ತು. ಪಾದ್ರಿಯವರು ರೈಟರ ಹೆಸರು ಓದಿದರು. ಮೃತರಾದ, ಎಂದು ಹೇಳಿ ಓದಿದರು. ಆ ಹೆಸರಿನ ಹಿಂದೆ ಆ ಮಾತನ್ನು ನಾನು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಬೆಂಚಿನ ಹಲಗೆಯನ್ನು ಹಿಡಿದುಕೊಂಡು ಅತ್ತೆ.

ಬರುವಾಗ ದಿಬ್ಬ ಹತ್ತಿ ಅವರ ಕಿಟಕಿಯ ಹೊರಗೆ ನಿಂತೆ. ಇನ್ನು ಬರಬೇಡಿ ಎಂದಿದ್ದರಲ್ಲ, ಒಳಗೆ ಹೋಗಲಿಲ್ಲ. ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಆಯ್ತು ರೈಟ್ರಮ್ಮ," ಎಂದೆ.

"ಹೆಸರು ಸರಿಯಾಗಿ ಓದಿದ್ರಾ?"

"ಓದಿದ್ರು."

ತಿರುಗಿ ನೋಡಲಿಲ್ಲ. ಅವರು ನನ್ನನ್ನು ಕ್ಷಮಿಸಿದರು ಎಂದು ನಾನು ಎಲ್ಲಿಯೂ ಹೇಳುವುದಿಲ್ಲ. ಕಳಿಸಲು ಬೇರೆ ಯಾರೂ ಇರಲಿಲ್ಲ, ಅದಕ್ಕೆ ಹೇಳಿ ಕಳಿಸಿದರು.

ಆ ವಾರದ ಗುರುವಾರ ರೈಟರಮ್ಮ ಹೋದರು. ಅತ್ತೆಯ ಪಕ್ಕದಲ್ಲಿ ಮಣ್ಣು ಮಾಡಿದರು.

ಏಳನೆಯ ಸೋಮವಾರ ನನಗೆ ಯಾರೂ ಹೇಳಿ ಕಳಿಸಲಿಲ್ಲ. ನಾನೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ಪಾದ್ರಿಯವರು ಎರಡು ಹೆಸರು ಓದಿದರು.